ಮೇಲಿನ ಬಾಣ, ಕೆಳಗಿನ ಬಾಣ

ನನ್ನ ಮೊಮ್ಮಗಳು ದಿನಾ ಮಧ್ಯಾಹ್ನ ಹನ್ನೆರಡೂವರೆಗೆ ಶಾಲೆಯ ಗಾಡಿಯಿಂದ ಇಳಿಯುತ್ತಾಳೆ. ಮೊದಲು ನೀರಿನ ಬಾಟಲಿ ಕಾಣುತ್ತದೆ, ಆಮೇಲೆ ಒಂದು ಕಾಲು, ಆಮೇಲೆ ಉಳಿದದ್ದೆಲ್ಲ ಒಮ್ಮೆಲೇ ನನ್ನ ಮೇಲೆ ಬೀಳುತ್ತದೆ. ಅವಳಿಗೆ ನಾಲ್ಕು ವರ್ಷ. ನನಗೆ ಅರವತ್ತಾರೋ ಅರವತ್ತೆಂಟೋ; ಆಧಾರ್ ಕಾರ್ಡ್ ಒಂದು ಹೇಳುತ್ತದೆ, ನನ್ನ ಅವ್ವ ಹೇಳುತ್ತಿದ್ದದ್ದು ಇನ್ನೊಂದು. ಸಂಭಾಜಿನಗರದ ಈ ಕಟ್ಟಡದ ಗೇಟಿಗೆ ನಾನು ಹನ್ನೆರಡಕ್ಕೇ ಬಂದು ನಿಲ್ಲುತ್ತೇನೆ. ಗಾಡಿಗೆ ಇನ್ನೂ ಅರ್ಧ ತಾಸು ಇದೆಯಲ್ಲ ಬಾಬಾ, ಎಂದು ವಾಚ್‌ಮನ್ ದಿನವೂ ಹೇಳುತ್ತಾನೆ. ಹೇಳಲಿ. ಕಾಯುವುದರಲ್ಲಿ ಎಂಥ ಸುಖ ಇದೆಯೆಂದು ಅವನಿಗೇನು ಗೊತ್ತು.

ಈ ಕೆಲಸ ನನಗೆ ಸುಮ್ಮನೆ ದಕ್ಕಿದ್ದಲ್ಲ. ಇನ್ನೇನು ಕೈಬಿಟ್ಟು ಹೋಗುತ್ತಿತ್ತು. ಅದೂ ಗೋಡೆಯ ಮೇಲಿನ ಒಂದು ಸಣ್ಣ ಬಟನ್ನಿನ ದೆಸೆಯಿಂದ. ನಾಚಿಕೆಯ ಮಾತು, ಆದರೆ ಖುಷಿ ಹೆಚ್ಚಾದಾಗ ನಾಚಿಕೆ ಹಿಂದೆ ಸರಿಯುತ್ತದೆ, ಹಾಗಾಗಿ ಬರೆಯುತ್ತಿದ್ದೇನೆ.

ನಾನು ವಿಜಯಪುರದ ಕಡೆಯವನು. ಮೂರನೆಯ ಇಯತ್ತೆ ಮುಗಿಯುವ ಮೊದಲೇ ಶಾಲೆ ಬಿಟ್ಟೆ. ಮದುವೆಯಾದ ಮರುವರ್ಷ ಹೆಂಡತಿಯನ್ನು ಕರೆದುಕೊಂಡು ನಾಶಿಕಕ್ಕೆ ದುಡಿಯಲು ಬಂದವನು ಅಲ್ಲೇ ಉಳಿದೆ. ಮೊದಲು ದೇವಳಾಲಿ ಕ್ಯಾಂಪಿನ ಹತ್ತಿರ ಇಟ್ಟಂಗಿ ಹೊತ್ತೆ. ಚಾಂದವಡದಲ್ಲಿ ಉಳ್ಳಾಗಡ್ಡಿ ಗೋದಾಮಿನ ಗೋಡೆಗೆ ಸಿಮೆಂಟು ಮೆತ್ತಿ ಗಿಲಾವು ಮಾಡುವವರ ಕೈಕೆಳಗೆ ಕೆಲಸ ಮಾಡಿದೆ. ಆಮೇಲೆ ನಾಶಿಕದಲ್ಲಿ ಎತ್ತರದ ಕಟ್ಟಡಗಳು ಏಳತೊಡಗಿದಾಗ ಆಳುಗಳನ್ನು ನೋಡಿಕೊಳ್ಳುವ ಮುಕಾದಮ ನನ್ನನ್ನು ಲಿಫ್ಟಿನ ಕೆಲಸಕ್ಕೆ ಹಾಕಿದ. ಇದು ಜನ ಹತ್ತುವ ಲಿಫ್ಟ್ ಅಲ್ಲ. ಸಿಮೆಂಟು, ಇಟ್ಟಂಗಿ, ಕಲಸಿದ ಕಾಂಕ್ರೀಟು ಏರಿಸುವ ಕಬ್ಬಿಣದ ತೊಟ್ಟಿಲು. ಕೆಳಗೆ ಯಂತ್ರ, ಯಂತ್ರದ ಪಕ್ಕ ನಾನು. ಮೇಲಿನಿಂದ ನನ್ನ ತಲೆಯವರೆಗೆ ಒಂದು ಹಗ್ಗ, ಅದರ ತುದಿಗೆ ಗಂಟೆ. ಮೇಲಿನವರು ಒಂದು ಸಲ ಎಳೆದರೆ ನಿಲ್ಲಿಸು, ಎರಡು ಸಲ ಎಳೆದರೆ ತೊಟ್ಟಿಲನ್ನು ಮೇಲೆ ಕಳಿಸು, ಮೂರು ಸಲ ಎಳೆದರೆ ಕೆಳಗಿಳಿಸು. ಆ ಗಂಟೆಯ ಮಾತೆಲ್ಲ ತೊಟ್ಟಿಲಿನದೇ. ಅದು ಮೇಲೆ ಬರಬೇಕೋ ಕೆಳಗೆ ಹೋಗಬೇಕೋ, ಅಷ್ಟೇ. ಮನುಷ್ಯ ಎಲ್ಲಿಗೆ ಹೊರಟಿದ್ದಾನೆ ಎಂದು ಕೇಳುವ ಪ್ರಶ್ನೆಯೇ ಇಲ್ಲ, ಯಾಕೆಂದರೆ ಮನುಷ್ಯ ಅದರಲ್ಲಿ ಕೂರಬಾರದು ಎಂದೇ ನಿಯಮ.

ಇಪ್ಪತ್ತೆರಡು ವರ್ಷ ಆ ಗಂಟೆಯ ಮಾತು ಕೇಳಿದೆ. ಮನೆಯಲ್ಲಿ ಊಟಕ್ಕೆ ಕೂತಾಗ ಮಗಳು ತಾಟಿನ ಅಂಚಿಗೆ ಎರಡು ಸಲ ಚಮಚ ಬಡಿದರೆ ನನ್ನ ಕೈ ತಾನಾಗಿಯೇ ಯಂತ್ರದ ಕೋಲು ಹುಡುಕುತ್ತಿತ್ತು. ಅವಳಿಗೆ ಅದೊಂದು ಆಟ. ಶಾಲೆಯಲ್ಲಿ ಗೆಳತಿಯರ ಮುಂದೆ, ನಮ್ಮಪ್ಪನಿಲ್ಲದೆ ನಾಶಿಕದಲ್ಲಿ ಒಂದು ಲಿಫ್ಟೂ ಏಳುವುದಿಲ್ಲ ಎಂದು ಹೇಳಿಕೊಂಡು ಬರುತ್ತಿದ್ದಳು. ನಾನು ಅಲ್ಲ ಎನ್ನಲಿಲ್ಲ.

ತಮಾಷೆ ಎಂದರೆ, ಅಷ್ಟು ಕಟ್ಟಡ ಕಟ್ಟಿದರೂ ಜನ ಹತ್ತುವ ಲಿಫ್ಟನ್ನು ನಾನು ಮುಟ್ಟಿರಲಿಲ್ಲ. ಅದನ್ನು ಕೂರಿಸುವ ಹೊತ್ತಿಗೆ ನಮ್ಮ ಕೆಲಸ ಮುಗಿದು, ತೊಟ್ಟಿಲು ಬಿಚ್ಚಿಕೊಂಡು ಇನ್ನೊಂದು ಸೈಟಿಗೆ ಹೋಗಿರುತ್ತಿದ್ದೆವು. ನಮ್ಮದು ನಾಶಿಕದಲ್ಲಿ ಪತ್ರಾಸಿನ, ಅಂದರೆ ತಗಡಿನ ಮಾಡಿನ, ಎರಡು ಖೋಲಿಯ ಮನೆ. ಬಾಗಿಲಿಗೆ ಮೂರು ಮೆಟ್ಟಿಲು.

ಮಗಳು ಕಲಿತಳು, ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ ಹಿಡಿದಳು. ಸಂಭಾಜಿನಗರದಲ್ಲೇ ಇರುವ ನಮ್ಮ ಕಡೆಯ ಹುಡುಗನಿಗೆ ಕೊಟ್ಟೆವು. ಗಂಡ ಹೆಂಡತಿ ಇಬ್ಬರೂ ದುಡಿದು ಆರನೆಯ ಮಹಡಿಯಲ್ಲಿ ಮನೆ ತೆಗೆದುಕೊಂಡರು. ಅಳಿಯನಿಗೆ ಕಾರ್ಖಾನೆಯಲ್ಲಿ ಪಾಳಿ, ಅವಳು ಮನೆಗೆ ಬರುವುದು ನಾಲ್ಕೂವರೆಗೆ. ಈ ವರ್ಷ ಮೊಮ್ಮಗಳನ್ನು ಶಾಲೆಗೆ ಹಾಕಿದಾಗ ಪ್ರಶ್ನೆ ಬಂತು: ಹನ್ನೆರಡೂವರೆಯಿಂದ ನಾಲ್ಕೂವರೆಯವರೆಗೆ ಕೂಸನ್ನು ನೋಡಿಕೊಳ್ಳುವವರು ಯಾರು? ಬೀಗತಿ, ಅಂದರೆ ಅಳಿಯನ ತಾಯಿ, ಊರಿನ ಇನ್ನೊಂದು ತುದಿಯಲ್ಲಿ ದೊಡ್ಡ ಮಗನ ಮನೆಯಲ್ಲಿದ್ದಾರೆ, ಅವರಿಗೆ ಮೊಣಕಾಲು ನೋವು. ರಸ್ತೆಯ ಆಚೆ ಮಕ್ಕಳನ್ನು ಇಟ್ಟುಕೊಳ್ಳುವ ಒಂದು ಪಾಳಣಾಘರ ಇದೆ. ಮಗಳು ಅದರ ಫಾರ್ಮು ತಂದಿದ್ದಳು.

ನಾನಿದ್ದೇನೆ ಎಂದೆ. ಬಾಯಿ ತಪ್ಪಿ ಬಂದ ಮಾತಲ್ಲ. ಮಗಳು ಸಣ್ಣವಳಿದ್ದಾಗ ನಾನು ಮನೆ ಸೇರುವ ಹೊತ್ತಿಗೆ ಅವಳು ಮಲಗಿರುತ್ತಿದ್ದಳು. ಅವಳ ನಾಲ್ಕನೆಯ ವರ್ಷ ಹೇಗಿತ್ತು ಎಂದು ಕೇಳಿದರೆ ನನಗೆ ಗೊತ್ತಿಲ್ಲ. ಈ ಕೂಸಿನ ನಾಲ್ಕನೆಯ ವರ್ಷ ನನಗೆ ಬೇಕಿತ್ತು. ಹೆಂಡತಿ ನಾಶಿಕದ ಖಾನಾವಳಿಯೊಂದಕ್ಕೆ ಭಕ್ರಿ, ಅಂದರೆ ಜೋಳದ ರೊಟ್ಟಿ, ಬಡಿಯುತ್ತಾಳೆ, ಅದನ್ನು ಬಿಟ್ಟು ಬರಲಾರಳು. ನನಗೆ ಬಟ್ಟೆ ಕಟ್ಟಿಕೊಡುತ್ತ, ಒಂದು ಲೋಟ ಚಹಾ ಮಾಡಲು ಬಾರದವನು ಕೂಸು ಸಾಕುತ್ತಾನಂತೆ ಎಂದು ಗೋಡೆಗೆ ಹೇಳಿದಳು.

ಮಗಳು ಇಲ್ಲ ಎನ್ನಲಿಲ್ಲ, ಹೌದು ಎಂದೂ ಹೇಳಲಿಲ್ಲ. ಒಂದು ವಾರ ನೋಡೋಣ ಎಂದಳು. ಪಾಳಣಾಘರದ ಫಾರ್ಮನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಅದು ಅಲ್ಲಿಂದ ನನ್ನನ್ನೇ ನೋಡುತ್ತಿತ್ತು.

ಸೋಮವಾರ ಮೊಮ್ಮಗಳನ್ನು ಇಳಿಸಿಕೊಂಡು ಲಿಫ್ಟಿನ ಮುಂದೆ ನಿಂತೆ. ಅದುವರೆಗೆ ಯಾವಾಗ ಬಂದರೂ ಮಗಳೋ ಅಳಿಯನೋ ಜೊತೆಗಿರುತ್ತಿದ್ದರು, ಬಟನ್ ಅವರೇ ಒತ್ತುತ್ತಿದ್ದರು. ಗೋಡೆಯ ಮೇಲೆ ಎರಡು ಬಾಣ: ಒಂದು ಮೇಲೆ, ಒಂದು ಕೆಳಗೆ. ಬಾಗಿಲಿನ ಮೇಲೆ ಐದು ಎಂಬ ಅಂಕೆ. ಲಿಫ್ಟ್ ಐದರಲ್ಲಿದೆ, ನಾನು ಕೆಳಗಿದ್ದೇನೆ, ಅದು ಕೆಳಗೆ ಬರಬೇಕು. ಯೋಚಿಸುವುದೇನಿದೆ? ಕೆಳಗಿನ ಬಾಣ ಒತ್ತಿದೆ. ಇಪ್ಪತ್ತೆರಡು ವರ್ಷದ ಅನುಭವ.

ಬಂತು. ಒಳಗೆ ಒಬ್ಬರು ಸ್ಕೂಟರಿನ ಚಾವಿ ತಿರುಗಿಸುತ್ತ ನಿಂತಿದ್ದರು. ನಾವು ಹತ್ತಿದೆವು, ನಾನು ಆರು ಒತ್ತಿದೆ, ಲಿಫ್ಟ್ ನೆಲದ ಕೆಳಗಿನ ಪಾರ್ಕಿಂಗಿಗೆ ಇಳಿಯಿತು. ಅವರು ಹೋದರು. ಮೊಮ್ಮಗಳು ಪಾರ್ಕಿಂಗಿನ ಕತ್ತಲೆಗೆ “ಹೂ” ಎಂದು ಕೂಗಿದಳು, ಕತ್ತಲೆಯೂ “ಹೂ” ಎಂದಿತು. ಆಮೇಲೆ ಮೇಲೆ ಹೋದೆವು. ಬಸ್ಸು ಊರು ಬಿಡುವ ಮುಂಚೆ ಡಿಪೋಗೆ ಹೋಗುವುದಿಲ್ಲವೇ, ಹಾಗೆ ಇದು ಎಂದುಕೊಂಡೆ.

ಮಂಗಳವಾರ ಲಿಫ್ಟ್ ಪಾರ್ಕಿಂಗಿನಲ್ಲಿತ್ತು. ಅದು ಮೇಲೆ ಬರಬೇಕು ಎಂದು ಮೇಲಿನ ಬಾಣ ಒತ್ತಿದೆ, ನೆಟ್ಟಗೆ ಬಂದು ಆರಕ್ಕೆ ಕರೆದೊಯ್ದಿತು. ನನ್ನ ಲೆಕ್ಕ ಸರಿ ಎಂದು ಇನ್ನೂ ಗಟ್ಟಿಯಾಯಿತು. ಬುಧವಾರ ಲಿಫ್ಟ್ ಮೂರರಲ್ಲಿತ್ತು, ಕೆಳಗಿನ ಬಾಣ ಒತ್ತಿದೆ. ಅಷ್ಟರಲ್ಲಿ ಪಾರ್ಕಿಂಗಿನಿಂದ ಯಾರೋ ಕರೆದರೆಂದು ಕಾಣುತ್ತದೆ. ನಮ್ಮನ್ನೂ ತುಂಬಿಕೊಂಡು ಕೆಳಗೆ ಹೋಯಿತು. ಅಲ್ಲಿ ಸಾಮಾನಿನ ಚೀಲಗಳೊಂದಿಗೆ ಒಂದು ಕುಟುಂಬ ನಿಂತಿತ್ತು. ಅವರಿಗೆ ಜಾಗ ಬಿಡಲು ನಾವು ಹೊರಗೆ ಬಂದೆವು, ಅದು ನಮ್ಮನ್ನು ಬಿಟ್ಟು ಹೋಯಿತು. ಆಗಲೇ ಮಗಳ ಫೋನು. ಊಟ ಆಯಿತೇ ಎಂದು ಕೇಳಿದಳು. ಪಾರ್ಕಿಂಗಿನಲ್ಲಿದ್ದೇವೆ ಎಂದೆ. ಪಾರ್ಕಿಂಗಿನಲ್ಲಿ ಏನು ಕೆಲಸ ಎಂದಳು. ಸುಮ್ಮನೆ, ಎಂದೆ. ಅದು ದೊಡ್ಡ ತಪ್ಪಾಯಿತು. ನಮ್ಮ ಹತ್ತಿರ ಗಾಡಿಯೇ ಇಲ್ಲ.

ಸಂಜೆ ಮೊಮ್ಮಗಳನ್ನು ಆಡಿಸಲು ಕೆಳಗೆ ಕರೆದೊಯ್ಯುವಾಗಲೂ ಅದೇ ಲೆಕ್ಕ. ನಾವು ಆರರಲ್ಲಿ, ಲಿಫ್ಟ್ ಕೆಳಗೆ. ಅದು ಮೇಲೆ ಬರಲಿ ಎಂದು ಮೇಲಿನ ಬಾಣ. ಎಂಟನೆಯ ಮಹಡಿಯ ಬಾಯಿಯೊಬ್ಬರು (ಇಲ್ಲಿ ಹೆಂಗಸರನ್ನು ಹಾಗೆ ಕರೆಯುತ್ತಾರೆ) ಅದರಲ್ಲಿ ಬಂದರು, ನಾವು ಅವರ ಜೊತೆ ಎಂಟಕ್ಕೆ ಹೋದೆವು. ಅವರು ಇಳಿದು ತಿರುಗಿ ನೋಡಿದರು. ನಾವು ಇಳಿಯಲಿಲ್ಲ. ನಾನು ನಮಸ್ಕಾರ ಮಾಡಿದೆ. ಗುರುವಾರವೂ ಅದೇ ಬಾಯಿ, ಅದೇ ನಮಸ್ಕಾರ.

ಈ ಲಿಫ್ಟಿಗೆ ಮನಸ್ಸು ಬಂದಂತೆ ಓಡುವ ರೋಗ ಇದೆ ಎಂದೇ ನಾನು ತಿಳಿದಿದ್ದೆ. ಯಾರನ್ನಾದರೂ ಕೇಳಬಹುದಿತ್ತು. ಆದರೆ ಏನೆಂದು ಕೇಳಲಿ? ಆ ಮನೆಯಲ್ಲಿ ಲಿಫ್ಟ್ ಎಂದರೆ ನನ್ನ ವಿದ್ಯೆ. ಅಡುಗೆಯವನು ನೀರು ಕಾಯಿಸುವುದು ಹೇಗೆ ಎಂದು ಕೇಳಿದ ಹಾಗೆ ಆಗುತ್ತಿತ್ತು. ಮೊಮ್ಮಗಳು ಮಾತ್ರ ಸುಖವಾಗಿದ್ದಳು. ಅವಳಿಗೆ ಕನ್ನಡ ಎಲ್ಲ ತಿಳಿಯುತ್ತದೆ, ಆಡುವುದು ಮರಾಠಿ, ನಡುವೆ ಹಿಂದಿ. ಕನ್ನಡದಲ್ಲಿ ಅವಳದು ಒಂದೇ ಮಾತು, ಮುತ್ಯಾ. ನಮ್ಮ ಕಡೆ ಅಜ್ಜನನ್ನು ಹಾಗೆ ಕರೆಯುತ್ತೇವೆ. ಪಾರ್ಕಿಂಗ್ ಬಂದರೆ ಹೂ ಎನ್ನುವಳು, ಎಂಟು ಬಂದರೆ ಕುಣಿಯುವಳು.

ಶುಕ್ರವಾರ ಸಂಜೆ ಮಗಳು ನನಗೆ ಚಹಾ ಕೊಟ್ಟು ಎದುರಿಗೆ ಕೂತಳು. ಅಪ್ಪಾ ಇವತ್ತು ಯಾವ ವಾರ ಎಂದು ಕೇಳಿದಳು. ಹೇಳಿದೆ. ಮುಂಜಾನೆ ಏನು ತಿಂದೆ ಎಂದಳು. ಹೇಳಿದೆ. ನಾಶಿಕದಲ್ಲಿ ನಮ್ಮ ಮನೆಯ ಎದುರಿಗೆ ಯಾರ ಅಂಗಡಿ ಇದೆ ಎಂದಳು. ನನಗೆ ನಗು ಬಂತು, ಅವಳು ನಗಲಿಲ್ಲ. ಶನಿವಾರ ಮತ್ತೆ ಅಂಥವೇ ಪ್ರಶ್ನೆ, ಮೆಲ್ಲಗೆ, ಕೂಸಿಗೆ ಔಷಧ ಕುಡಿಸುವ ಹಾಗೆ. ಫ್ರಿಜ್ಜಿನ ಮೇಲಿನ ಫಾರ್ಮು ಮೇಜಿನ ಮೇಲೆ ಬಂದಿತ್ತು. ಅರ್ಧ ತುಂಬಿತ್ತು.

ರವಿವಾರ ಬೀಗತಿ ಬಂದರು. ಖುಲ್ತಾಬಾದಿನ ಮಾರುತಿ ಗುಡಿಗೆ ಹೋಗಿ ಬರುತ್ತ, ಪ್ರಸಾದದ ಕೊಬ್ಬರಿ ಹಿಡಿದು ನೇರವಾಗಿ ಇಲ್ಲಿಗೇ ಬಂದಿದ್ದರು. ಅಳಿಯ ಪಾಳಿಗೆ ಹೋಗಿದ್ದ. ಬೀಗತಿ ಬಲು ನೇರ ಹೆಂಗಸು. ಕೊಬ್ಬರಿ ನನ್ನ ಕೈಗಿಟ್ಟು ಹೇಳಿದರು:

“ಬೀಗರ, ಸಿಟ್ಟಾಗಬ್ಯಾಡ್ರಿ. ನಮ್ಮಣ್ಣಗೂ ಹಿಂಗ ಸುರು ಆಗಿತ್ರಿ. ಮನಿ ಮುಂದ ಬಂದು ಮನಿ ಯಾವುದಂತ ಮರೀತಿದ್ದ. ಲಗೂ ತೋರಿಸಿದ್ರ ಗುಳಿಗಿ ಅದಾವಂತ.”

ಅವರು ಹೇಳುತ್ತ ಹೋದಂತೆ ನನಗೆ ಎಲ್ಲ ತಿಳಿಯಿತು. ಎಂಟನೆಯ ಮಹಡಿಯ ಬಾಯಿ ಮಗಳಿಗೆ ಹೇಳಿದ್ದರು: ನಿಮ್ಮ ತಂದೆ ಕೂಸಿನ ಕೈ ಹಿಡಿದು ಮೇಲೆ ಕೆಳಗೆ ತಿರುಗುತ್ತಾರೆ, ಮನೆ ಯಾವ ಮಹಡಿಯಲ್ಲಿದೆ ಎಂದು ಅವರಿಗೆ ನೆನಪಾಗುವುದಿಲ್ಲವೆಂದು ಕಾಣುತ್ತದೆ. ಮಗಳು ಬುಧವಾರದ ಪಾರ್ಕಿಂಗಿನ ಫೋನನ್ನು ಅದಕ್ಕೆ ಜೋಡಿಸಿದ್ದಳು. ಸೋಮವಾರಕ್ಕೆ ಮರೆವಿನ ಡಾಕ್ಟರರ ಹತ್ತಿರ ನನ್ನ ಹೆಸರು ಬರೆಸಿದ್ದಳು, ಮೊಮ್ಮಗಳ ಹೆಸರು ಪಾಳಣಾಘರದ ಫಾರ್ಮಿನಲ್ಲಿ ಬರೆದಿದ್ದಳು. ನನಗೆ ಹೇಗೆ ಹೇಳಬೇಕು ಎಂದು ತಿಳಿಯದೆ ಬೀಗತಿಯನ್ನು ಕರೆಸಿದ್ದಳು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವಳ ಕಣ್ಣು ಕೆಂಪಾಗಿತ್ತು.

ಒಂದು ಕ್ಷಣ, ಒಂದೇ ಕ್ಷಣ, ಮರೆವು ಎಂದೇ ಒಪ್ಪಿಕೊಳ್ಳಲೇ ಎನಿಸಿತು. ಮರೆವಿಗೆ ಮರ್ಯಾದೆ ಇದೆ. ಡಾಕ್ಟರ್ ಇದ್ದಾರೆ, ಗುಳಿಗೆ ಇದೆ, ಜನ ಪಾಪ ಎನ್ನುತ್ತಾರೆ. ಲಿಫ್ಟಿನವನಿಗೆ ಲಿಫ್ಟ್ ತಿಳಿಯುವುದಿಲ್ಲ ಎಂಬುದಕ್ಕೆ ಯಾವ ಗುಳಿಗೆ? ಆದರೆ ಒಳಗಿನ ಖೋಲಿಯಲ್ಲಿ ಮೊಮ್ಮಗಳು ಗೊಂಬೆಯನ್ನು ರಟ್ಟಿನ ಪೆಟ್ಟಿಗೆಯಲ್ಲಿ ಕೂರಿಸಿ ಮೇಲೆತ್ತುತ್ತ, ಇಳಿಸುತ್ತ, ಇಳಿಸಿದಾಗಲೆಲ್ಲ “ಹೂ” ಎನ್ನುತ್ತಿದ್ದಳು. ಆ ಹೂ ಕೇಳಿದ ಮೇಲೆ ನನ್ನ ಮರ್ಯಾದೆ ಯಾವ ಲೆಕ್ಕ.

“ನನಗ ಮರವು ಆಗಿಲ್ಲವ್ವ,” ಎಂದೆ. “ನನಗ ಈ ಲಿಫ್ಟ್ ಕರಿಯಾಕ ಬರಂಗಿಲ್ಲ.”

ಇಬ್ಬರೂ ನನ್ನ ಮುಖ ನೋಡಿದರು. ಮಗಳು ಇದೂ ಒಂದು ಲಕ್ಷಣವೇ ಇರಬಹುದು ಎಂಬಂತೆ ಹತ್ತಿರ ಬಂದು ಕೂತಳು. ನಾನು ಗಂಟೆಯ ಲೆಕ್ಕವನ್ನು ಮೊದಲಿನಿಂದ ಹೇಳಿದೆ. ಎರಡು ಎಂದರೆ ಮೇಲೆ, ಮೂರು ಎಂದರೆ ಕೆಳಗೆ. ಲಿಫ್ಟ್ ಮೇಲಿದ್ದರೆ ಕೆಳಗಿನ ಬಾಣ, ಕೆಳಗಿದ್ದರೆ ಮೇಲಿನ ಬಾಣ. ಹೇಳುತ್ತ ಹೋದಂತೆ ಮಗಳ ಮುಖ ಬದಲಾಯಿತು. ಅಳುತ್ತಾಳೋ ನಗುತ್ತಾಳೋ ತಿಳಿಯಲಿಲ್ಲ. ಅವಳಿಗೂ ತಿಳಿಯಲಿಲ್ಲ, ಎರಡನ್ನೂ ಮಾಡಿದಳು. ಸೆರಗಿಲ್ಲದ ಡ್ರೆಸ್ಸು, ನನ್ನ ಹೆಗಲಿನ ಟವೆಲಿಗೇ ಮೂಗು ಒರೆಸಿಕೊಂಡಳು. ಆಮೇಲೆ ನನ್ನ ಕೈ ಹಿಡಿದು ಎಬ್ಬಿಸಿ ಲಿಫ್ಟಿನ ಮುಂದೆ ನಿಲ್ಲಿಸಿದಳು. ಬೀಗತಿ ಮೊಣಕಾಲು ಹಿಡಿದುಕೊಂಡು ಹಿಂದೆಯೇ ಬಂದರು. ಮೊಮ್ಮಗಳೂ ಪೆಟ್ಟಿಗೆ ಎತ್ತಿಕೊಂಡು ಬಂದಳು.

“ಈಗ ನಾವು ಎಲ್ಲಿ ಹೋಗಬೇಕಪ್ಪಾ?”

“ಕೆಳಗ.”

“ಹಂಗಾರ ಕೆಳಗಿನ ಬಾಣ ಒತ್ತು.”

“ಲಿಫ್ಟ್ ಕೆಳಗ ಐತಲ್ಲವ್ವ. ಅದು ಮ್ಯಾಲ ಬರಬೇಕಲ್ಲ?”

“ಅದು ಎಲ್ಲೈತಿ ಅನ್ನೂದು ಅದರ ಚಿಂತಿ. ನೀ ಎಲ್ಲಿ ಹೊಂಟಿ, ಅಷ್ಟ ಹೇಳು.”

ಒತ್ತಿದೆ. ಬಂತು. ನಮ್ಮನ್ನು ಕೆಳಗೆ ಒಯ್ದಿತು, ನಡುವೆ ಎಲ್ಲೂ ತಿರುಗಾಡಲಿಲ್ಲ. ಕೆಳಗೆ ಹೋಗಿ ಮೇಲಿನ ಬಾಣ ಒತ್ತಿದೆ. ಮೇಲೆ ಬಂದೆವು. ಅರವತ್ತಾರು ವರ್ಷದ ಮೇಲೆ, ಅಥವಾ ಅರವತ್ತೆಂಟು ವರ್ಷದ ಮೇಲೆ, ನನಗೆ ಇಷ್ಟು ಸಲೀಸಾದ ಸಂಗತಿ ತಿಳಿಯಿತು: ಬಾಣ ಇರುವುದು ಪೆಟ್ಟಿಗೆಗಲ್ಲ, ನನಗೆ. ಇಪ್ಪತ್ತೆರಡು ವರ್ಷ ನನ್ನನ್ನು ಎಲ್ಲಿಗೆ ಹೊರಟಿದ್ದೀ ಎಂದು ಯಾವ ಲಿಫ್ಟೂ ಕೇಳಿರಲಿಲ್ಲ. ಈಗ ಇದು ಕೇಳುತ್ತಿದೆ ಎಂದು ನನಗೆ ಹೇಗೆ ಹೊಳೆಯಬೇಕು?

ನನಗೆ ತಲೆ ಎತ್ತಲಾಗುತ್ತಿರಲಿಲ್ಲ. ಆಗ ಬೀಗತಿ, ಸುತ್ತಮುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ತಮ್ಮದೊಂದು ಹೇಳಿದರು. ಮನೆಗೆ ಹೊಸದಾಗಿ ಫ್ರಿಜ್ ಬಂದಾಗ ಅದರೊಳಗಿನ ದೀಪ ಬಾಗಿಲು ಮುಚ್ಚಿದ ಮೇಲೂ ಉರಿಯುತ್ತಲೇ ಇರುತ್ತದೆ ಎಂದು ತಿಳಿದಿದ್ದರಂತೆ. ಸುಮ್ಮನೆ ಯಾಕೆ ಕರೆಂಟು ಎಂದು ಮಲಗುವ ಮುಂಚೆ ಫ್ರಿಜ್ಜನ್ನೇ ಬಂದ್ ಮಾಡುತ್ತಿದ್ದರಂತೆ. ಬೆಳಗಾದರೆ ಹಾಲು ಒಡೆದಿರುತ್ತಿತ್ತು. ಎರಡು ಬೇಸಿಗೆ ಹಾಲಿನವನ ಜೊತೆ ಜಗಳವಾಡಿ, ಮೂವರು ಹಾಲಿನವರನ್ನು ಬದಲಾಯಿಸಿದ ಮೇಲೆ, ಬಾಗಿಲಿನ ಸಂದಿಯಲ್ಲಿ ಒಂದು ಸಣ್ಣ ಗುಬುಟು ಇರುವುದು ಕಂಡಿತಂತೆ. ಅದನ್ನು ಬೆರಳಿನಿಂದ ಒತ್ತಿದರೆ ದೀಪ ಆರಿತು.

“ನಮ್ಮನ್ಯಾಗ ಇನ್ನೂ ಯಾರಿಗೂ ಗೊತ್ತಿಲ್ರಿ ಬೀಗರ. ನಿಮ್ಮ ಹೊಟ್ಟ್ಯಾಗ ಇರಲಿ.”

ಇರಲಿ ಎಂದಿದ್ದರು. ಈಗ ಬರೆದುಬಿಟ್ಟೆ. ಹೆಸರು ಹಾಕಿಲ್ಲ ಬೀಗತಿಯವರೇ, ಹೆದರಬೇಡಿ.

ಮಗಳೂ ಸುಮ್ಮನಿರಲಿಲ್ಲ. ದ್ರಾಕ್ಷಿಯ ತೋಟಗಳ ನಡುವೆ ಇರುವ ನಾಶಿಕದಲ್ಲೇ ಹುಟ್ಟಿದವಳು, ಮನೂಕ ಎಂಬುದು ಬೇರೆಯೇ ಒಂದು ಗಿಡದ ಹಣ್ಣು ಎಂದು ಕಾಲೇಜು ಸೇರುವವರೆಗೂ ತಿಳಿದಿದ್ದಳಂತೆ. ದ್ರಾಕ್ಷಿ ಒಣಗಿದರೆ ಮನೂಕ ಎಂದು ಗೆಳತಿಯೊಬ್ಬಳು ಹೇಳಿದಾಗ ಅವಳಿಗೇ ಸುಳ್ಳು ಹೇಳಬೇಡ ಎಂದು ಬೈದಿದ್ದಳಂತೆ. ನನ್ನನ್ನು ಯಾಕೆ ಕೇಳಲಿಲ್ಲ ಎಂದೆ. ನೀನು ಯಾಕೆ ಬಾಣದ ಮಾತು ಕೇಳಲಿಲ್ಲ ಎಂದಳು. ಅಲ್ಲಿಗೆ ಲಿಫ್ಟಿನ ಮುಂದಿನ ಸಭೆ ಮುಗಿಯಿತು.

ನಾಶಿಕಕ್ಕೆ ಫೋನ್ ಮಾಡಿ ಹೆಂಡತಿಗೆ ಹೇಳಿದೆವು. ಆ ಕಡೆಯಿಂದ ಬಹಳ ಹೊತ್ತು ಭಕ್ರಿ ಬಡಿಯುವ ಸಪ್ಪಳ ಮಾತ್ರ ಬಂತು. ಆಮೇಲೆ, ಇಷ್ಟು ವರ್ಷ ಕೆಲಸ ಕೊಟ್ಟ ಸೇಠನ ಕಟ್ಟಡಗಳು ಹೇಗೆ ನಿಂತವು ಎಂದು ಈಗ ಆಶ್ಚರ್ಯವಾಗುತ್ತಿದೆ ಎಂದಳು.

ಡಾಕ್ಟರರ ಹತ್ತಿರ ಬರೆಸಿದ್ದ ಹೆಸರನ್ನು ಮಗಳು ತೆಗೆಸಿದಳು. ಆದರೆ ಫಾರ್ಮನ್ನು ಹರಿಯಲಿಲ್ಲ. ಅವಳು ಲ್ಯಾಬಿನವಳು, ಒಂದು ಸಲ ನೋಡಿದ್ದನ್ನು ನಂಬುವುದಿಲ್ಲ. ನಾಳೆ ಒಂದು ದಿನ ನೋಡುತ್ತೇನೆ ಎಂದಳು.

ಸೋಮವಾರ ಗಾಡಿ ಬಂತು. ಬಾಟಲಿ, ಕಾಲು, ಕೂಸು. ಲಿಫ್ಟಿನ ಮುಂದೆ ಪಕ್ಕದ ಮನೆಯ ರಿಟೈರಾದ ಸಾಹೇಬರು ನಿಂತಿದ್ದರು, ಇಂಗ್ಲಿಷ್ ಪೇಪರ್ ಓದುವವರು. ಅವರು ಎರಡು ಬಾಣಗಳನ್ನೂ ಒತ್ತಿ, ಎರಡೂ ಒತ್ತಿದರೆ ಬೇಗ ಬರುತ್ತದೆ ಎಂದು ನನಗೆ ಕಲಿಸಿದರು. ನಾನು ವಿನಯದಿಂದ, ಹಾಗಲ್ಲ ಸಾಹೇಬರೇ, ನಾವು ಎಲ್ಲಿಗೆ ಹೊರಟಿದ್ದೇವೆ ಅಷ್ಟನ್ನು ಹೇಳಿದರೆ ಸಾಕು ಎಂದೆ. ಅವರು ಕನ್ನಡಕ ಸರಿಮಾಡಿಕೊಂಡು ಬಾಣಗಳನ್ನು ಹೊಸದಾಗಿ ನೋಡಿದರು. ಆ ನೋಟ ನನಗೆ ಚೆನ್ನಾಗಿ ಗೊತ್ತು. ನಾನು ಬೇರೆ ಕಡೆ ಮುಖ ಮಾಡಿದೆ.

ಲಿಫ್ಟ್ ಬರುವವರೆಗೆ ಮೊಮ್ಮಗಳಿಗೂ ಪಾಠ ಹೇಳೋಣ ಎಂದು ಬಗ್ಗಿ, ನೋಡು ಕೂಸೇ, ಮೇಲೆ ಹೋಗಬೇಕಾದರೆ ಮೇಲಿನ ಬಾಣ ಎಂದೆ. ಅವಳು ನನ್ನನ್ನು ಬಹಳ ಕರುಣೆಯಿಂದ ನೋಡಿದಳು. ಆಮೇಲೆ ಹುಟ್ಟಿದ ಮೇಲೆ ಮೊದಲ ಸಲ ನನ್ನ ಜೊತೆ ಪೂರ್ತಿ ಕನ್ನಡದಲ್ಲಿ ಮಾತಾಡಿದಳು.

“ನನಗ ಗೊತ್ತಿತ್ತು ಮುತ್ಯಾ.”

ಅವಳಿಗೆ ಮೊದಲ ದಿನದಿಂದ ಗೊತ್ತಿತ್ತು. ಅವ್ವ ಒತ್ತುವುದನ್ನು ನೋಡಿದ್ದಳು. ಮತ್ತೆ ಹೇಳಲಿಲ್ಲವೇಕೆ ಎಂದರೆ, ಪಾರ್ಕಿಂಗ್ ಅವಳಿಗೆ ಬಹಳ ಆವಡುತ್ತದೆ, ಅಂದರೆ ಇಷ್ಟ. ಅವ್ವ ಎಂದೂ ಕರೆದುಕೊಂಡು ಹೋಗುವುದಿಲ್ಲ.

ಮನೆಯ ಬಾಗಿಲು ತೆರೆದು, ಅವಳ ಬೂಟು ಬಿಚ್ಚುತ್ತಿದ್ದಾಗ ಫೋನು ಬಂತು. ಮಗಳು ಎಲ್ಲಿದ್ದೀರಿ ಎಂದಳು. ಮನೆಯಲ್ಲಿ ಎಂದೆ. ಗಡಿಯಾರ ನೋಡು ಎಂದಳು. ಹನ್ನೆರಡು ಮೂವತ್ತೆಂಟು.

“ಅಪ್ಪಾ, ಟೇಬಲ್ ಮ್ಯಾಲ ಒಂದು ಫಾರ್ಮ್ ಐತಿ ನೋಡು. ಅದರ ಹಿಂದ ಖಾಲಿ ಐತಿ. ಆಕಿಗೆ ಚಿತ್ರಾ ಬರಿಯಾಕ ಕೊಡು.”

ಕೊಟ್ಟೆ. ಊಟ ಮಾಡಿಸಿ, ಇಬ್ಬರೂ ನೆಲದ ಮೇಲೆ ಬೋರಲು ಮಲಗಿ ಬಣ್ಣ ಹಚ್ಚಿದೆವು. ಅವಳು ಒಂದು ಪೆಟ್ಟಿಗೆ ಬರೆದು, ಒಳಗೆ ಮೀಸೆಯ ಒಬ್ಬನನ್ನು ಮತ್ತು ಎರಡು ಜಡೆಯ ಒಬ್ಬಳನ್ನು ಕೂರಿಸಿದಳು. ನಾಳೆ ಶನಿವಾರವೇ ಎಂದು ಮರಾಠಿಯಲ್ಲಿ ಕೇಳಿದಳು. ಶನಿವಾರ ಇನ್ನೂ ದೂರ ಇದೆ, ಯಾಕೆ ಎಂದೆ. ಶನಿವಾರ ಒಂದೇ ದಿನ, ಅವ್ವನಿಗೆ ಹೇಳದೆ, ಕೆಳಗಿನ ಬಾಣ ಒತ್ತೋಣ ಎಂದಳು.

ಪ್ರತಿ ಶನಿವಾರ ಒತ್ತುತ್ತೇವೆ. ಈಗ ತಿಳಿದೇ ಒತ್ತುತ್ತೇವೆ. ಕತ್ತಲೆಗೆ ಮೊದಲು ಅವಳು ಹೂ ಎನ್ನುತ್ತಾಳೆ, ಆಮೇಲೆ ನಾನು.